ರೋಚ್ಚಮೆಲೋನೆಗೆ ಹೋಗುವವರು ಒಂದು ರಾತ್ರಿ ತಂಗಿ

ಇಟಲಿಯ ಸೂಸಾ ಕಣಿವೆಯ ಮೇಲೆ, 3,538 ಮೀಟರ್ ಎತ್ತರದ ರೋಚ್ಚಮೆಲೋನೆ ತುದಿಯಲ್ಲಿರುವ ಮೇರಿಮಾತೆಯ ಗುಡಿಗೆ ಹೊರಟಿದ್ದರೆ, ಒಂದು ರಾತ್ರಿ ದಾರಿಯಲ್ಲೇ ಕಳೆಯಿರಿ. ಕಾಲುದಾರಿ ಶುರುವಾಗುವ ಲಾ ರಿಪೋಸಾವರೆಗೆ ಕಾರು ಹೋಗುತ್ತದಲ್ಲ, ಬೆಳಿಗ್ಗೆ ಹತ್ತಿ ಸಂಜೆಗೆ ಇಳಿದರಾಯಿತು ಎನ್ನುವವರಿದ್ದಾರೆ. ಕಾಲಿನ ಮಟ್ಟಿಗೆ ಮಾತು ಸರಿಯೇ. ಬೇಸಿಗೆಯಲ್ಲಿ ಕಾಲುದಾರಿ ಸ್ಪಷ್ಟ. ತಕರಾರು ಉಸಿರಿನದು. ಕಾರಿನಲ್ಲಿ ಕೂತು 2,205 ಮೀಟರಿಗೆ ಬಂದಿಳಿದ ದೇಹಕ್ಕೆ ಅದೇ ದಿನ ಇನ್ನೂ 1,300 ಮೀಟರ್ ಏರು. ತುದಿಯಲ್ಲಿ ಸಿಗುವ ಆಮ್ಲಜನಕವೋ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು. ಬಂಡೆಗೆ ಬಿಗಿದ ಹಗ್ಗ ಹಿಡಿದು ಸಾಗಬೇಕಾದ ಕೊನೆಯ ತಿರುವುಗಳಲ್ಲೇ ತಲೆ ಸಿಡಿಯತೊಡಗಿದರೆ? ಮಧ್ಯಾಹ್ನದ ಮೋಡ ಬೇರೆ. 1358ರಲ್ಲಿ ಕಂಚಿನ ತ್ರಿಫಲಕ ಹೊತ್ತು ಏರಿದ ಅಸ್ತಿ ಊರಿನ ಬೊನಿಫಾಚ್ಯೋ ರೊಟಾರಿಯೋನ ನೆನಪು ಹೊತ್ತ ಕಾ ದಾಸ್ತಿ ತಂಗುದಾಣ ದಾರಿಯಲ್ಲೇ, 2,854 ಮೀಟರಿನಲ್ಲಿದೆ; ರಾತ್ರಿ ಅಲ್ಲಿ ಕಳೆದರೆ ದೇಹ ಎತ್ತರಕ್ಕೆ ಕೊಂಚ ಒಗ್ಗುತ್ತದೆ, ಮೋಡ ಕವಿಯುವ ಮೊದಲೇ ತುದಿ ಮುಟ್ಟಬಹುದು. ಆಗಸ್ಟ್ 5ರ ಜಾತ್ರೆಯ ಹೊತ್ತಿಗಾದರೆ ಹಾಸಿಗೆ ಮೊದಲೇ ಕಾದಿರಿಸಿ.