ಹಸ್ತಪ್ರತಿಗಳ ವಂಶವೃಕ್ಷ: ಗೆರೆಗಳು ಮತ್ತು ಸಂಪಾದಕನ ವಿವೇಚನೆ

ಗ್ರಂಥಸಂಪಾದನೆಯಲ್ಲಿ ಪ್ರತಿಗಳ ವಂಶವೃಕ್ಷವನ್ನು ಪೀಠಿಕೆಯ ಕೊನೆಗೆ ಸೇರಿಸುವ ಅಲಂಕಾರವೆಂಬಂತೆ ಕಾಣುವುದುಂಟು. ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು (1964) ಪಠ್ಯವಾಗಿ ಓದಿದವರಲ್ಲಿಯೂ ಈ ಭಾವನೆ ಅಪರೂಪವಲ್ಲ. ವಾಸ್ತವವಾಗಿ ಈ ಕೆಲವು ಗೆರೆಗಳು ಸಂಪಾದಕನ ಆಲೋಚನೆಯ ಸಾಧನಗಳು. ಪಾಠಾಂತರಗಳ ಪಟ್ಟಿ ಮರೆಸುವುದನ್ನು ಅವು ಹೊರಗೆಡಹುತ್ತವೆ.

ಕಲ್ಪಿತ ನಿದರ್ಶನವೊಂದನ್ನು ನೋಡಬಹುದು. ಒಂದು ಕಾವ್ಯಕ್ಕೆ ಕ, ಖ, ಗ, ಘ ಎಂಬ ನಾಲ್ಕು ಓಲೆಪ್ರತಿಗಳಿವೆ. ಒಂದು ಪದ್ಯದಲ್ಲಿ ಕ ಪ್ರತಿಯ ಪಾಠ ಬೇರೆ. ಉಳಿದ ಮೂರರದು ಒಂದೇ. ಪಟ್ಟಿಯನ್ನಷ್ಟೇ ನೋಡುವವನು ಬಹುಮತಕ್ಕೆ ಮಣಿಯುತ್ತಾನೆ. ಆದರೆ ಖ, ಗ, ಘ ಪ್ರತಿಗಳಲ್ಲಿ ಬೇರೊಂದೆಡೆ ಎರಡು ಪದ್ಯಗಳು ಒಂದೇ ರೀತಿಯಲ್ಲಿ ಸ್ಥಾನಪಲ್ಲಟಗೊಂಡು ಕಥೆಯ ಓಟ ಕೆಟ್ಟಿದ್ದರೆ, ಆ ಮೂರಕ್ಕೂ ಈಗ ಉಳಿದಿಲ್ಲದ ಒಂದು ಮಾತೃಕೆಯನ್ನು ಊಹಿಸಬೇಕಾಗುತ್ತದೆ. ಆಗ ಮೂಲದಿಂದ ಎರಡೇ ಗೆರೆಗಳು: ಒಂದು ಕ ಪ್ರತಿಗೆ, ಇನ್ನೊಂದು ಆ ನಷ್ಟಮಾತೃಕೆಗೆ. ಮೂರು ಸಾಕ್ಷಿಗಳು ಒಂದಾದವು, ಬಹುಮತ ಕರಗಿತು.

ಹೀಗೆ ಗೆರೆ ಎಳೆಯಲು ಸಮಾನ ಪಾಠ ಸಾಲದು, ಸಮಾನ ದೋಷ ಬೇಕು. ಶುದ್ಧಪಾಠ ಎಲ್ಲ ಪ್ರತಿಗಳಿಗೂ ಮೂಲದಿಂದಲೇ ಬಂದಿರಬಹುದು. ದೋಷಗಳಲ್ಲಿಯೂ ತಾರತಮ್ಯವಿದೆ. ಲ–ಳ, ಶ–ಸಗಳ ವ್ಯತ್ಯಾಸ ಯಾವ ಲಿಪಿಕಾರನ ಕೈಯಿಂದಲೂ ಸ್ವತಂತ್ರವಾಗಿ ಆಗಬಹುದಾದುದರಿಂದ ಅದು ಬಾಂಧವ್ಯಕ್ಕೆ ಆಧಾರವಾಗದು.

ಕಾರ್ಲ್ ಲಾಖ್ಮನ್ನನ ಹೆಸರಿನೊಡನೆ ಬೆಳೆದ ಈ ವಿಧಾನಕ್ಕೆ ಫ್ರೆಂಚ್ ವಿದ್ವಾಂಸ ಜೋಸೆಫ್ ಬೇದಿಯೆ 1928ರಲ್ಲಿ ತೀಕ್ಷ್ಣ ಆಕ್ಷೇಪ ಎತ್ತಿದ. ಸಂಪಾದಕರು ರಚಿಸಿದ ವೃಕ್ಷಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಬಹುಪಾಲು ವೃಕ್ಷಗಳಿಗೆ ಎರಡೇ ಕವಲುಗಳಿರುವುದು ಅವನಿಗೆ ಕಂಡಿತು. ಮೂರು ಕವಲುಗಳಿದ್ದರೆ ಎರಡರ ಸಹಮತ ಪಾಠವನ್ನು ನಿರ್ಣಯಿಸುತ್ತದೆ. ಎರಡೇ ಇದ್ದರೆ ಆಯ್ಕೆ ಸಂಪಾದಕನ ಕೈಗೆ ಬರುತ್ತದೆ. ಆ ಸ್ವಾತಂತ್ರ್ಯದ ಆಸೆಯೇ ಅರಿವಿಲ್ಲದೆ ಗೆರೆಗಳನ್ನು ಎಳೆಸಿತೇ ಎಂಬುದು ಅವನ ಸಂದೇಹ. ಚಿತ್ರಗಳಾಗಿ ಇದ್ದುದರಿಂದಲೇ ಈ ದೌರ್ಬಲ್ಯ ಕಣ್ಣಿಗೆ ಬಿತ್ತೆಂಬುದನ್ನು ಗಮನಿಸಬೇಕು. ಗದ್ಯದ ಪೀಠಿಕೆಯಲ್ಲಿ ಅದು ಸುಲಭವಾಗಿ ಅಡಗಿರುತ್ತಿತ್ತು.

ಪ್ರತಿಗಳ ಬೆರಕೆ ಇನ್ನೊಂದು ತೊಡಕು. ಲಿಪಿಕಾರ ಎರಡು ಪ್ರತಿಗಳನ್ನು ಹೋಲಿಸಿ ನಕಲು ಮಾಡಿದ್ದರೆ ಅವನ ಪ್ರತಿಗೆ ಎರಡು ಮಾತೃಕೆಗಳು. ಪುಣೆಯ ಭಂಡಾರ್ಕರ್ ಸಂಸ್ಥೆಯ ಮಹಾಭಾರತ ಆದಿಪರ್ವದ (1933) ಪೀಠಿಕೆಯಲ್ಲಿ ವಿ. ಎಸ್. ಸುಕ್ಥಂಕರ್ ಔತ್ತರೇಯ, ದಾಕ್ಷಿಣಾತ್ಯ ಪರಂಪರೆಗಳ ವೃಕ್ಷವನ್ನು ಕೊಟ್ಟರಾದರೂ ಅಂಥ ಬೆರಕೆಯ ಕಾರಣ ಲಾಖ್ಮನ್ ವಿಧಾನವನ್ನು ಯಥಾವತ್ತಾಗಿ ಅನ್ವಯಿಸಲಿಲ್ಲ. ಇಂಥ ಸಂಬಂಧವನ್ನು ಚುಕ್ಕಿಗೆರೆಯಿಂದ ಸೂಚಿಸುವ ಪದ್ಧತಿಯಿದೆ. ಚುಕ್ಕಿಗೆರೆಗಳೇ ಹೆಚ್ಚಾದಲ್ಲಿ ವೃಕ್ಷವನ್ನು ಬದಿಗಿರಿಸಿ ಪ್ರತಿ ಪದ್ಯದ ಪಾಠವನ್ನೂ ಪ್ರತ್ಯೇಕವಾಗಿ ತೂಗಬೇಕಾಗುತ್ತದೆ.