ಬಲ್ಬುಗಳ ಹೋಲಿಕೆ: ತಂತಿ ಬಲ್ಬು, ಸಿಎಫ್‌ಎಲ್, ಎಲ್‌ಇಡಿ

ಕಾರ್ಯತತ್ವ
- ತಂತಿ ಬಲ್ಬು: ಟಂಗ್‌ಸ್ಟನ್ ತಂತಿ ಕಾದು ಬೆಳಗುತ್ತದೆ, ವಿದ್ಯುತ್ತಿನ ಸುಮಾರು ಶೇ. 90 ಶಾಖವಾಗಿ ಪೋಲು. ಆಯುಷ್ಯ ಸುಮಾರು 1,000 ಗಂಟೆ.
- ಸಿಎಫ್‌ಎಲ್: ಪಾದರಸದ ಆವಿಯಿಂದ ಹೊಮ್ಮುವ ಅತಿನೇರಳೆ ಕಿರಣವನ್ನು ಗಾಜಿನ ಒಳಲೇಪ ಬೆಳಕಾಗಿಸುತ್ತದೆ. ಒಡೆದರೆ ಕಿಟಕಿ ತೆರೆದಿಡಬೇಕು, ಚೂರುಗಳನ್ನು ಬರಿಗೈಯಲ್ಲಿ ಮುಟ್ಟಬಾರದು.
- ಎಲ್‌ಇಡಿ: ಅರೆವಾಹಕ ಡಯೋಡ್, ಪಾದರಸವಿಲ್ಲ. ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್.

ಲೆಕ್ಕ (ದಿನಕ್ಕೆ 5 ಗಂಟೆ, 30 ದಿನ, ಬೆಳಕು ಹೆಚ್ಚುಕಡಿಮೆ ಒಂದೇ)
- 60 ವ್ಯಾಟ್ ತಂತಿ ಬಲ್ಬು: 9 ಯೂನಿಟ್
- 14 ವ್ಯಾಟ್ ಸಿಎಫ್‌ಎಲ್: 2.1 ಯೂನಿಟ್
- 9 ವ್ಯಾಟ್ ಎಲ್‌ಇಡಿ: 1.35 ಯೂನಿಟ್

ಕರ್ನಾಟಕ
- 1905: ಶಿವನಸಮುದ್ರದ ಜಲವಿದ್ಯುತ್ತಿನಿಂದ ಬೆಂಗಳೂರಿಗೆ ಬೀದಿದೀಪ.
- 2015: ಕೇಂದ್ರದ ಉಜಾಲಾ ಯೋಜನೆ; ರಾಜ್ಯದಲ್ಲಿ ‘ಹೊಸ ಬೆಳಕು’ ಹೆಸರಿನಲ್ಲಿ ರಿಯಾಯಿತಿ ದರದ ಎಲ್‌ಇಡಿ ವಿತರಣೆ.


ಮಾದರಿ ಪ್ರಶ್ನೆ: ಬಲ್ಬು ಸೂಸುವ ಬೆಳಕಿನ ಪ್ರಮಾಣದ ಮಾನ ಯಾವುದು?
(ಅ) ವ್ಯಾಟ್ (ಆ) ಲ್ಯೂಮೆನ್ (ಇ) ವೋಲ್ಟ್ (ಈ) ಓಮ್
ಉತ್ತರ: (ಆ). ವ್ಯಾಟ್ ಎಂಬುದು ಬಲ್ಬು ಬಳಸುವ ವಿದ್ಯುತ್ ಸಾಮರ್ಥ್ಯದ ಮಾನ.