ರಜೆಯ ಕೆಲಸಕ್ಕೂ ಕಾನೂನಿದೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮರುದಿನವೇ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. "ಸುಮ್ನೆ ಮನೇಲಿ ಕೂತು ಏನ್ ಮಾಡ್ತೀಯಪ್ಪಾ, ಎಲ್ಲಾದ್ರೂ ಕೆಲಸಕ್ಕೆ ಹೋಗು." ಹೆದ್ದಾರಿ ಪಕ್ಕದ ಡಾಬಾ, ಪೇಟೆಯ ಬಟ್ಟೆ ಅಂಗಡಿ, ಮೊಬೈಲ್ ರಿಪೇರಿ, ಗ್ಯಾರೇಜು, ಅಡಿಕೆ ಸುಲಿಯುವ ಮನೆ, ಕೊಬ್ಬರಿ ಒಡೆಯುವ ಕಣ, ಹೀಗೆ ಎರಡು ತಿಂಗಳಿಗೆ ಒಂದು ಜಾಗ ಸಿಕ್ಕೇ ಸಿಗುತ್ತದೆ. ಅದೇ ಮನೆಯಲ್ಲಿ ಇನ್ನೊಬ್ಬರು ತಡೆಯುತ್ತಾರೆ: "ಹದಿನೆಂಟು ತುಂಬದೆ ಕಳಿಸಿದ್ರೆ ಪೊಲೀಸ್ ಕೇಸಾಗುತ್ತೆ, ಬೇಡ."

ಎರಡು ಮಾತೂ ಅರ್ಧ ಸರಿ. ಹದಿನಾಲ್ಕು ತುಂಬಿದವರು ದುಡಿಯಬಾರದು ಎಂದು ಕಾನೂನು ಹೇಳುವುದಿಲ್ಲ. ಎಲ್ಲಿ, ಎಷ್ಟು ಹೊತ್ತು, ಯಾವ ದಾಖಲೆಯ ಮೇಲೆ ಎಂದು ಮಾತ್ರ ಕೇಳುತ್ತದೆ. ಈ ಮೂರು ಪ್ರಶ್ನೆಗೆ ಉತ್ತರ ಗೊತ್ತಿರುವ ಹುಡುಗ ಅಥವಾ ಹುಡುಗಿಗೆ ರಜೆಯ ಎರಡು ತಿಂಗಳು ಕಲಿಕೆಯಾಗುತ್ತದೆ. ಗೊತ್ತಿಲ್ಲದವರಿಗೆ ಬರೀ ಚಾಕರಿಯಾಗುತ್ತದೆ, ಎಷ್ಟೋ ಸಲ ಜೂನ್‌ನಲ್ಲಿ ಕಾಲೇಜಿನ ಬಾಗಿಲೂ ಮುಚ್ಚಿಹೋಗುತ್ತದೆ.

ಇದಕ್ಕೆ ಮೂಲವಾದ ಕಾನೂನು 1986ರ ಬಾಲಕಾರ್ಮಿಕ ಕಾಯ್ದೆ. 2016ರ ತಿದ್ದುಪಡಿಯಲ್ಲಿ ಅದರ ಹೆಸರಿಗೇ 'ಕಿಶೋರ' ಎಂಬ ಪದ ಸೇರಿತು. ಹದಿನಾಲ್ಕು ತುಂಬದವರು ಮಕ್ಕಳು, ಹದಿನಾಲ್ಕು ತುಂಬಿ ಹದಿನೆಂಟು ತುಂಬದವರು ಕಿಶೋರರು. ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಮನೆಯವರ ಕೆಲಸದಲ್ಲಿ ಕೈಜೋಡಿಸುವುದಕ್ಕೆ ವಿನಾಯಿತಿ ಇದೆ, ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ. ಇಲ್ಲಿ 'ಕುಟುಂಬ' ಎಂದರೆ ಅಪ್ಪ, ಅಮ್ಮ, ಒಡಹುಟ್ಟಿದವರು, ಅಪ್ಪ ಅಮ್ಮಂದಿರ ಒಡಹುಟ್ಟಿದವರು. ಸೋದರಮಾವನ ಅಂಗಡಿ ಇದರಲ್ಲಿ ಬರುತ್ತದೆ, ಊರಿನ ಬಳಕೆಯಲ್ಲಿ 'ಮಾವ' ಎನಿಸಿಕೊಂಡ ಪಕ್ಕದ ಮನೆಯವರ ಅಂಗಡಿ ಬರುವುದಿಲ್ಲ. 2017ರ ನಿಯಮದ ಪ್ರಕಾರ ಈ ನೆರವೂ ದಿನಕ್ಕೆ ಮೂರು ಗಂಟೆ ಮೀರಬಾರದು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಇರಬಾರದು. ಮಗು ಹೇಳದೆ ಕೇಳದೆ ಸತತ ಮೂವತ್ತು ದಿನ ಶಾಲೆಗೆ ಬಾರದಿದ್ದರೆ ಮುಖ್ಯೋಪಾಧ್ಯಾಯರು ನೋಡಲ್ ಅಧಿಕಾರಿಗೆ ತಿಳಿಸಲೇಬೇಕು.

ಇನ್ನು ಕಿಶೋರರ ಗಡಿಯಾರ. ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳಬೇಕೆಂದರೆ ಇದನ್ನು ಇಟ್ಟುಕೊಳ್ಳಿ. ಮೂರು ಗಂಟೆ ದುಡಿದ ಮೇಲೆ ಕಡ್ಡಾಯವಾಗಿ ಒಂದು ಗಂಟೆ ಬಿಡುವು. ಆ ಬಿಡುವೂ ಸೇರಿ ದಿನಕ್ಕೆ ಒಟ್ಟು ಆರು ಗಂಟೆ, ಅಂದರೆ ನಿಜವಾದ ದುಡಿಮೆ ಐದೇ ಗಂಟೆ. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಇಲ್ಲ. ಓವರ್‌ಟೈಮ್ ಇಲ್ಲ. ಒಂದೇ ದಿನ ಎರಡು ಕಡೆ ದುಡಿಸುವಂತಿಲ್ಲ. ವಾರಕ್ಕೊಂದು ಪೂರ್ತಿ ರಜೆ. ಇದನ್ನು ನಮ್ಮ ಊರುಗಳ ಮೇಲಿಟ್ಟು ನೋಡಿ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಬೆಳಿಗ್ಗೆ ಐದೂವರೆಗೆ ಇಡ್ಲಿ ಪಾತ್ರೆ ಇಳಿಸುವ ಹದಿನೈದರ ಹುಡುಗನ ಕೆಲಸ ಕಾನೂನುಬಾಹಿರ. ಬೆಂಗಳೂರು–ಪುಣೆ ಹೆದ್ದಾರಿಯ ಡಾಬಾದಲ್ಲಿ ರಾತ್ರಿ ಹನ್ನೊಂದಕ್ಕೆ ತಟ್ಟೆ ಎತ್ತುವವನದೂ ಅಷ್ಟೇ. ಶಾಲೆ ನಡೆಯುವ ದಿನಗಳಲ್ಲಂತೂ ನಾಲ್ಕೂವರೆಗೆ ಗಂಟೆ ಹೊಡೆದರೆ ಏಳರವರೆಗೆ ಸಿಗುವುದು ಎರಡೂವರೆ ತಾಸು. ಓದುವ ಮಕ್ಕಳಿಗೆ ಈ ಮಿತಿ ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಅಮೆರಿಕದಲ್ಲಿ ವಿದ್ಯಾರ್ಥಿಗಳು ಅಂಗಡಿಗಳಲ್ಲಿ ದುಡಿಯುವುದು ತೀರಾ ಸಾಮಾನ್ಯ. ಅಲ್ಲಿಯೂ ಹದಿನಾಲ್ಕು, ಹದಿನೈದರವರಿಗೆ ಶಾಲೆಯ ದಿನ ಮೂರು ಗಂಟೆಗಿಂತ ಹೆಚ್ಚು ಕೆಲಸ ಕೊಡುವಂತಿಲ್ಲ.

ಕಿಶೋರರು ಕಾಲಿಡಲೇಬಾರದ ಜಾಗಗಳಿವೆ. ಗಣಿ, ಕಲ್ಲು ಕ್ವಾರಿ, ಇಟ್ಟಿಗೆ ಭಟ್ಟಿ, ಕಲ್ಲು ಒಡೆಯುವ ಮತ್ತು ಪುಡಿ ಮಾಡುವ ಕೆಲಸ, ಸ್ಫೋಟಕ, ಪಟಾಕಿ. ಚಿತ್ರದುರ್ಗ ಜಿಲ್ಲೆಗೆ ಇದು ದೂರದ ಮಾತಲ್ಲ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆದಿದ್ದನ್ನು ಹೊಳಲ್ಕೆರೆ, ಹೊಸದುರ್ಗದ ಹಿರಿಯರು ಮರೆತಿಲ್ಲ. ಜಲ್ಲಿ ಕ್ರಷರ್‌ನಲ್ಲಿ 'ಬರೀ ಲೆಕ್ಕ ಬರೆಯೋದು' ಎಂದು ಕರೆದರೂ ಹೋಗಬೇಡಿ. ಆ ದೂಳು ಲೆಕ್ಕದ ಪುಸ್ತಕ ಹಿಡಿದವರನ್ನೂ ಬಿಡುವುದಿಲ್ಲ.

ಪಟ್ಟಿಯಲ್ಲಿ ಕಾಣದ ಇನ್ನೊಂದು ಅಪಾಯ ಬೈಕು. "ಪಾರ್ಸೆಲ್ ಕೊಟ್ಟು ಬಾ" ಎಂದು ಅಂಗಡಿಯವರು ಕೀಲಿ ಕೊಡುತ್ತಾರೆ. ಗೇರ್ ಇರುವ ಬೈಕಿಗೆ ಹದಿನೆಂಟು ತುಂಬದೆ ಲೈಸೆನ್ಸೇ ಇಲ್ಲ, ಟ್ರ್ಯಾಕ್ಟರಿಗೂ ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನಂತೆ ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದವರಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗದು. ಡ್ರೈವರ್ ಆಗಬೇಕೆಂದಿದ್ದ ಹುಡುಗನ ಕನಸು ಅಲ್ಲಿಗೇ ನಿಲ್ಲುತ್ತದೆ.

ಮೊದಲ ದಿನ ಮಾಲೀಕರೂ ಕೆಲವು ಕೆಲಸ ಮಾಡಬೇಕು. ಕಿಶೋರರನ್ನು ಸೇರಿಸಿಕೊಂಡ ಮೂವತ್ತು ದಿನದೊಳಗೆ ಕಾರ್ಮಿಕ ನಿರೀಕ್ಷಕರಿಗೆ ಲಿಖಿತವಾಗಿ ತಿಳಿಸಬೇಕು. ಹೆಸರು, ಹುಟ್ಟಿದ ದಿನಾಂಕ, ಕೆಲಸದ ಹೊತ್ತು, ಬಿಡುವು, ಕೆಲಸದ ಬಗೆ ಇಷ್ಟನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು. "ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದುಕೊಂಡ್ರಾ, ಸಾರ್?" ಎಂದು ಕೇಳುವುದರಲ್ಲಿ ಯಾವ ಅವಿನಯವೂ ಇಲ್ಲ. ವಯಸ್ಸಿಗೆ ಜನನ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲು ಕೊಡಿ, ಮೂಲ ಪ್ರತಿಯನ್ನು ಮಾತ್ರ ಯಾರ ಕೈಗೂ ಬಿಟ್ಟು ಬರಬೇಡಿ. ಅಂಕಪಟ್ಟಿಯನ್ನು ಮಾಲೀಕರ ಮೇಜಿನ ಡ್ರಾಯರಿನಲ್ಲಿ ಬಿಟ್ಟ ಮಕ್ಕಳು ಪಿಯು ಸೇರುವ ಹೊತ್ತಿಗೆ ಅದಕ್ಕಾಗಿ ಅಲೆಯಬೇಕಾಗುತ್ತದೆ.

"ಎರಡು ವರ್ಷ ಬಿಡೋ ಹಾಗಿಲ್ಲ, ಬಿಟ್ಟರೆ ದುಡ್ಡು ಕಟ್ಟಬೇಕು" ಎಂಬ ಬಾಂಡಿಗೆ ಸಹಿ ಮಾಡಿಸಿಕೊಂಡರೆ ಹೆದರಬೇಕಾಗಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಅಂಥ ಕರಾರು ಮೊದಲಿನಿಂದಲೇ ಶೂನ್ಯ ಎಂದು 1903ರಲ್ಲಿ ಪ್ರೀವಿ ಕೌನ್ಸಿಲ್ ಹೇಳಿದ್ದು ಇಂದಿಗೂ ನೆಲೆ ನಿಂತಿದೆ. ಅಪ್ಪ ಮುಂಗಡ ತಂದು, ಅದು ತೀರುವವರೆಗೆ ಮಗನನ್ನು ಬಿಟ್ಟರೆ? ಅದಕ್ಕೆ ನಮ್ಮ ಭಾಷೆಯಲ್ಲೇ ಹಳೆಯ ಹೆಸರಿದೆ, ಜೀತ. 1976ರ ಕಾಯ್ದೆ ಜೀತವನ್ನೂ, ಆ ಸಾಲ ತೀರಿಸುವ ಹೊಣೆಯನ್ನೂ ಅಳಿಸಿಹಾಕಿದೆ. ಇಂಥ ಸಂದರ್ಭದಲ್ಲಿ ನೇರವಾಗಿ ತಹಶೀಲ್ದಾರರು ಅಥವಾ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ.

ಸಂಬಳ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆ ಇರಬಾರದು. ಹುಡುಗಿ ಎಂಬ ಕಾರಣಕ್ಕೆ ಕಡಿಮೆ ಕೊಡುವಂತೆಯೂ ಇಲ್ಲ. ಆದದ್ದಾಗಲಿ, ಹಣ ಮಕ್ಕಳ ಹೆಸರಿನ ಖಾತೆಗೇ ಬರಲಿ. ಹತ್ತು ವರ್ಷ ತುಂಬಿದವರು ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಪಾಸ್‌ಬುಕ್ಕಿನ ಆ ಸಾಲುಗಳೇ ನಾಳೆ ದೂರು ಕೊಡುವ ಹೊತ್ತು ಬಂದರೆ ಗಟ್ಟಿ ಸಾಕ್ಷಿ. ಹದಿನೆಂಟು ತುಂಬದವರ ಗಳಿಕೆಯನ್ನು ತಡೆಹಿಡಿದು ದುಡಿಸಿಕೊಳ್ಳುವುದು 2015ರ ಬಾಲನ್ಯಾಯ ಕಾಯ್ದೆಯ 79ನೇ ಕಲಮಿನಡಿ ಅಪರಾಧ. ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ದಂಡ.

ಹಾಗಾದರೆ ಕೆಲಸವನ್ನು ಕಲಿಕೆಯಾಗಿ ಮಾಡಿಕೊಳ್ಳುವ ದಾರಿ ಯಾವುದು? ಸರ್ಕಾರದ ಎರಡು ದಾರಿಗಳಿವೆ. ಒಂದು ಶಾಲೆಯ ಒಳಗೇ ಇದೆ. ಸಮಗ್ರ ಶಿಕ್ಷಣದಡಿ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ರೀಟೇಲ್‌ನಂಥ ವೃತ್ತಿ ವಿಷಯಗಳನ್ನು ಕಲಿಸುತ್ತಾರೆ. ಇನ್ನೊಂದು 1961ರ ಅಪ್ರೆಂಟಿಸ್ ಕಾಯ್ದೆ. ಹದಿನಾಲ್ಕು ತುಂಬಿದವರು ಅಪ್ರೆಂಟಿಸ್ ಆಗಬಹುದು, ಅಪಾಯದ ಕೈಗಾರಿಕೆಯಾದರೆ ಹದಿನೆಂಟು ಬೇಕು. ಹದಿನೆಂಟರೊಳಗಿನವರ ಪರವಾಗಿ ಪೋಷಕರು ಒಪ್ಪಂದಕ್ಕೆ ಸಹಿ ಮಾಡುತ್ತಾರೆ, ಅದು ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ನೋಂದಣಿಯಾಗಬೇಕು. 2019ರ ನಿಯಮದಲ್ಲಿ ಐದರಿಂದ ಒಂಬತ್ತನೇ ತರಗತಿ ಓದಿದವರಿಗೆ ತಿಂಗಳಿಗೆ ಕನಿಷ್ಠ 5,000, ಹತ್ತನೇ ತರಗತಿ ಮುಗಿಸಿದವರಿಗೆ 6,000, ಐಟಿಐ ಪ್ರಮಾಣಪತ್ರ ಇದ್ದವರಿಗೆ 7,000 ರೂಪಾಯಿ ಸ್ಟೈಪೆಂಡ್ ಗೊತ್ತುಪಡಿಸಲಾಯಿತು. ಒಪ್ಪಂದಕ್ಕೆ ಸಹಿ ಹಾಕುವ ದಿನದ ದರವನ್ನು ಹತ್ತಿರದ ಸರ್ಕಾರಿ ಐಟಿಐಯಲ್ಲಿ ಕೇಳಿಕೊಳ್ಳಿ. ತರಬೇತಿಯಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕರದು. ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ನಿರ್ಬಂಧವಂತೂ ಇಲ್ಲ, ಅದನ್ನು ಮೊದಲೇ ತಿಳಿದಿರಬೇಕು.

ನೋಂದಣಿಯಿಲ್ಲದೆ 'ನಮ್ಮಲ್ಲಿ ಅಪ್ರೆಂಟಿಸ್' ಎಂದು ಬಾಯಲ್ಲಿ ಹೇಳಿ ಪುಕ್ಕಟೆ ದುಡಿಸಿಕೊಳ್ಳುವುದು ಬೇರೆ. ಇವೆರಡರ ವ್ಯತ್ಯಾಸ ತಿಳಿಯಲು ನಾನು ಮಕ್ಕಳಿಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಲು ಹೇಳುತ್ತೇನೆ. ಹೊಳಲ್ಕೆರೆಯ ಒಬ್ಬ ಹುಡುಗಿಗೆ ಎಲೆಕ್ಟ್ರಿಷಿಯನ್ ಆಗುವ ಆಸೆ ಎಂದುಕೊಳ್ಳೋಣ. ಮೊದಲ ಪುಟದಲ್ಲಿ ಅವಳು ಬರೆಯಬೇಕಾದ್ದು 'ದೊಡ್ಡ ಇಂಜಿನಿಯರ್ ಆಗುತ್ತೇನೆ' ಎಂದಲ್ಲ. 'ಮೇ ಕೊನೆಯೊಳಗೆ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತಂತಿಯ ಅಳತೆ, ಮೀಟರ್ ಹಿಡಿಯುವುದು, ಗಿರಾಕಿಗೆ ಬಿಲ್ ಬರೆಯುವುದು ಕಲಿಯುತ್ತೇನೆ. ಜೂನ್‌ನಲ್ಲಿ ಐಟಿಐಗೆ ಅರ್ಜಿ ಹಾಕುತ್ತೇನೆ.' ಅದರ ಕೆಳಗೆ ದಿನದಿನ ಬಂದ ಹೊತ್ತು, ಹೋದ ಹೊತ್ತು, ಇಂದು ಏನು ಕಲಿತೆ, ಎಷ್ಟು ಹಣ ಬಂತು. ಹದಿನೈದು ದಿನವಾದರೂ 'ಏನು ಕಲಿತೆ' ಎಂಬ ಕಡೆ ಕಸ ಗುಡಿಸಿದೆ, ಟೀ ತಂದೆ ಎಂದಷ್ಟೇ ಇದ್ದರೆ ಅಲ್ಲಿಂದ ಹೊರಡುವ ಹೊತ್ತಾಯಿತು. ಅದೇ ಪುಟ ಅವಳ ಗುರಿಯ ಲೆಕ್ಕವೂ ಹೌದು, ವ್ಯಾಜ್ಯ ಎದ್ದರೆ ಹಾಜರಾತಿಯ ದಾಖಲೆಯೂ ಹೌದು.

ಹೆಣ್ಣುಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರ ಭಯ ನನಗೆ ಅರ್ಥವಾಗುತ್ತದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ತರಬೇತಿಗೆ ಬಂದವರು, ಅಪ್ರೆಂಟಿಸ್‌ಗಳು ಎಲ್ಲರೂ ಬರುತ್ತಾರೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು, ಚಿಕ್ಕ ಅಂಗಡಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಹೋಗುತ್ತದೆ. ಹದಿನೆಂಟರೊಳಗಿನವರಾದ್ದರಿಂದ 2012ರ ಪೋಕ್ಸೊ ಕಾಯ್ದೆಯೂ ಇದೆ. ಗಂಡುಮಕ್ಕಳಿಗೂ ಅದು ಅಷ್ಟೇ ರಕ್ಷಣೆ ಕೊಡುತ್ತದೆ.

ಬಾಲಕಾರ್ಮಿಕ ಕಾಯ್ದೆಯ ನಿಯಮ ಮುರಿದವರಿಗೆ ಶಿಕ್ಷೆ ಸಣ್ಣದಲ್ಲ. ಮಕ್ಕಳನ್ನು ದುಡಿಸಿದರೆ, ಅಥವಾ ಕಿಶೋರರನ್ನು ಅಪಾಯದ ಕೆಲಸಕ್ಕೆ ಹಚ್ಚಿದರೆ, ಆರು ತಿಂಗಳಿಂದ ಎರಡು ವರ್ಷ ಸಜೆ, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಹೊತ್ತಿನ ಮಿತಿ, ರಿಜಿಸ್ಟರಿನಂಥ ನಿಯಮ ಮುರಿದರೆ ಒಂದು ತಿಂಗಳವರೆಗೆ ಸಜೆ ಅಥವಾ 10,000ದವರೆಗೆ ದಂಡ, ಅಥವಾ ಎರಡೂ. ತಂದೆತಾಯಿಯರನ್ನು ಮೊದಲ ಸಲಕ್ಕೆ ಶಿಕ್ಷಿಸುವುದಿಲ್ಲ. ಇಂಥ ದುಡಿಮೆಯಿಂದ ಬಿಡಿಸಿದ ಮಕ್ಕಳು, ಕಿಶೋರರ ಹೆಸರಿನಲ್ಲಿ ದಂಡದ ಹಣಕ್ಕೆ ಸರ್ಕಾರ 15,000 ಸೇರಿಸಿ ಪುನರ್ವಸತಿ ನಿಧಿಯಲ್ಲಿ ಇಡಬೇಕು.

ದೂರು ಕೊಡಲು 1098 ಮಕ್ಕಳ ಸಹಾಯವಾಣಿ, ತುರ್ತಿದ್ದರೆ 112. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಲಿಖಿತವಾಗಿ ಕೊಟ್ಟು ಹಿಂಬರಹ ಪಡೆದುಕೊಳ್ಳಿ. ಬಾಲಕಾರ್ಮಿಕ ಕಾಯ್ದೆಯಡಿ ಯಾರು ಬೇಕಾದರೂ ನ್ಯಾಯಾಲಯಕ್ಕೂ ದೂರು ಸಲ್ಲಿಸಬಹುದು. ವಕೀಲರ ಫೀಜಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಕ್ಕಳಿಗೂ ಮಹಿಳೆಯರಿಗೂ ಆದಾಯ ಎಷ್ಟೇ ಇರಲಿ, ನೆರವು ಉಚಿತ. ಚಿತ್ರದುರ್ಗದಲ್ಲಿ ಜಿಲ್ಲಾ ಪ್ರಾಧಿಕಾರ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿ ಇದೆ. ಫೋನ್ ಮಾಡುವುದಾದರೆ 15100.

ದೂರಿನ ಹಂತಕ್ಕೆ ಹೋಗುವ ಮೊದಲೇ ಮಕ್ಕಳು ಮಾತನಾಡಬಹುದಾದ ಒಂದು ಜಾಗವಿದೆ, ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿ ನಡೆಸಬೇಕಾದ ಮಕ್ಕಳ ಗ್ರಾಮಸಭೆ. "ನಮ್ಮ ಹೈಸ್ಕೂಲಿನಲ್ಲಿ ವೃತ್ತಿ ವಿಷಯ ಯಾಕಿಲ್ಲ? ಸಂಜೆ ಏಳರ ನಂತರ ಊರಿನ ಹೋಟೆಲುಗಳಲ್ಲಿ ನಮ್ಮ ವಯಸ್ಸಿನವರು ದುಡಿಯುತ್ತಿರುವುದನ್ನು ಪಂಚಾಯಿತಿ ನೋಡಿದೆಯೇ?" ಎಂದು ಕೇಳಿ, ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಸಿ. ಮುಂದಿನ ವರ್ಷದ ಸಭೆಯಲ್ಲಿ ಮೊದಲು ಎದ್ದು ನಿಂತು ಆ ಪುಟವನ್ನೇ ಓದಿಸಿ.